ಲೋಡ್ ಗಾಡಿಗೆ ಯಾವ ಸ್ಪಾರ್ಕ್ ಪ್ಲಗ್? ಅಳತೆ ಮೊದಲು, ಲೋಹ ಕೊನೆಗೆ

ಲಾರಿ ಎಂದರೆ ಡೀಸೆಲ್, ಡೀಸೆಲ್ ಎಂದರೆ ಸ್ಪಾರ್ಕ್ ಪ್ಲಗ್ ಇಲ್ಲ. ನಮ್ಮ ರಸ್ತೆಗಳಲ್ಲಿ ಈ ಮಾತು ಬಹುಕಾಲ ನಡೆಯಿತು. ಡೀಸೆಲ್ ಎಂಜಿನ್ ಗಾಳಿಯನ್ನು ಎಷ್ಟು ಬಿಗಿಯಾಗಿ ಅದುಮುತ್ತದೆಂದರೆ, ಆ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ, ಕಿಡಿ ಬೇಕಿಲ್ಲ. ಕೆಲವು ಡೀಸೆಲ್ ಗಾಡಿಗಳಲ್ಲಿ ಇರುವ ಹೀಟರ್ ಪ್ಲಗ್ ಬೇರೆಯೇ ವಸ್ತು. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆಗಲೆಂದು ಅದು ಕೆಂಪಗೆ ಕಾಯುತ್ತದೆ, ಕಿಡಿ ಹಾರಿಸುವುದಿಲ್ಲ.

ಈಗ ಚಿತ್ರ ಬದಲಾಗಿದೆ. 2005ರಲ್ಲಿ ಬಂದ ಟಾಟಾ ಏಸ್ 702 ಸಿಸಿಯ ಡೀಸೆಲ್ ಗಾಡಿ. 2016ರಲ್ಲಿ ಬಂದ ಮಾರುತಿ ಸೂಪರ್ ಕ್ಯಾರಿಯಲ್ಲೂ ಮೊದಲಿಗೆ ಇದ್ದದ್ದು 793 ಸಿಸಿಯ ಡೀಸೆಲ್ ಎಂಜಿನ್. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಜಾರಿಯಾದಾಗ ಸಣ್ಣ ಡೀಸೆಲ್ ಎಂಜಿನ್ನಿನ ಹೊಗೆ ಶುದ್ಧಿ ಮಾಡುವ ಖರ್ಚು ಏರಿತು. ಸೂಪರ್ ಕ್ಯಾರಿ ಡೀಸೆಲ್ ಬಿಟ್ಟು ನಾಲ್ಕು ಸಿಲಿಂಡರಿನ 1.2 ಲೀಟರ್ ಪೆಟ್ರೋಲ್ ಮತ್ತು ಸಿಎನ್‌ಜಿಗೆ ಹೊರಳಿತು. ಏಸ್‌ನಲ್ಲಿ ಎರಡು ಸಿಲಿಂಡರಿನ 694 ಸಿಸಿ ಪೆಟ್ರೋಲ್ ಮಾದರಿ, ಅದರ ಬೆನ್ನಿಗೆ ಸಿಎನ್‌ಜಿ ಮಾದರಿ ಬಂದವು. ಟಾಟಾ, ಐಷರ್, ಅಶೋಕ್ ಲೇಲ್ಯಾಂಡ್ ಕಂಪನಿಗಳ ದೊಡ್ಡ ಟ್ರಕ್ಕುಗಳಲ್ಲೂ ಸಿಎನ್‌ಜಿ ಮಾದರಿಗಳಿವೆ. ದಾಭೋಲ್‌ನಿಂದ ಬೆಂಗಳೂರಿಗೆ ಗ್ಯಾಸ್ ಪೈಪ್‌ಲೈನ್ 2013ರಲ್ಲಿ ಬಂದ ಮೇಲೆ ಕರ್ನಾಟಕದಲ್ಲೂ ಗ್ಯಾಸ್ ಬಂಕುಗಳು ಹೆಚ್ಚುತ್ತ ಹೋದವು. ಡೀಸೆಲ್ ಓಡಿಸಿ ಪಳಗಿದ ಎಷ್ಟೋ ಮಾಲೀಕರು, ಚಾಲಕರು ಮೊದಲ ಸಲ ಪ್ಲಗ್ ಕೊಳ್ಳಲು ಅಂಗಡಿ ಹುಡುಕುತ್ತಿದ್ದಾರೆ.

ಅಂಗಡಿಯಲ್ಲಿ ‘ಒಳ್ಳೇ ಪ್ಲಗ್ ಕೊಡಿ ಅಣ್ಣ’ ಎಂದು ಕೇಳಿದರೆ ಬರುವ ಉತ್ತರವೂ ಸಾಮಾನ್ಯವಾಗಿ ಒಂದೇ. ಸಾದಾ, ಪ್ಲಾಟಿನಂ, ಇರಿಡಿಯಂ ಎಂದು ಮೂರು ಡಬ್ಬಿ ಮೇಜಿನ ಮೇಲೆ ಬರುತ್ತವೆ; ಬೆಲೆ ಹೆಚ್ಚಾದಷ್ಟೂ ಮಾಲು ಒಳ್ಳೆಯದು ಎಂಬ ಭಾವನೆ ಹುಟ್ಟುತ್ತದೆ. ಈ ಲೆಕ್ಕ ತಲೆಕೆಳಗು. ಪ್ಲಗ್ ಆರಿಸುವಾಗ ಲೋಹ ಕೊನೆಯ ಪ್ರಶ್ನೆ. ಅದಕ್ಕೂ ಮೊದಲು ಅಳತೆ, ಹೀಟ್ ರೇಂಜ್, ಗ್ಯಾಪ್, ರೆಸಿಸ್ಟರ್ ಈ ನಾಲ್ಕು ಸರಿಹೊಂದಬೇಕು. ಮೊದಲ ಎರಡು ತಪ್ಪಿದರೆ ಇರಿಡಿಯಂ ಪ್ಲಗ್ಗೂ ಎಂಜಿನ್ ಕೆಡಿಸಬಲ್ಲದು. ನಾಲ್ಕೂ ಸರಿಯಿದ್ದರೆ ಸಾದಾ ನಿಕಲ್ ಪ್ಲಗ್ಗೂ ಚೆನ್ನಾಗಿ ದುಡಿಯುತ್ತದೆ.

ಕಿಡಿ ಹಾರಿಸುವುದು ಅರ್ಧ ಕೆಲಸ

ಪ್ಲಗ್ಗಿನ ರಚನೆ ಸರಳ. ನಡುವೆ ಒಂದು ಎಲೆಕ್ಟ್ರೋಡ್, ಅದರ ಸುತ್ತ ಅಲ್ಯೂಮಿನಾದ ಬಿಳಿ ಪಿಂಗಾಣಿ, ಪಿಂಗಾಣಿಯ ಸುತ್ತ ಥ್ರೆಡ್ ಇರುವ ಉಕ್ಕಿನ ಮೈ. ಮೈಯ ತುದಿಯಿಂದ ಬಾಗಿ ಬಂದ ಇನ್ನೊಂದು ಎಲೆಕ್ಟ್ರೋಡ್ ನಡುವಿನದರ ಎದುರು ನಿಲ್ಲುತ್ತದೆ. ಎರಡರ ನಡುವಿನ ಸಂದಿಯೇ ಗ್ಯಾಪ್. ಇಗ್ನಿಷನ್ ಕಾಯಿಲ್ ಕಳಿಸುವ ವೋಲ್ಟೇಜು 10,000ದಿಂದ 30,000 ವೋಲ್ಟಿನವರೆಗೆ ಏರಿ ಆ ಸಂದಿಯನ್ನು ದಾಟಿದಾಗ ಕಿಡಿ ಹಾರುತ್ತದೆ.

ಎಷ್ಟು ಸಲ ಹಾರುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಿ. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದ್ದರೆ ಫೋರ್ ಸ್ಟ್ರೋಕ್ ಎಂಜಿನ್ನಿನ ಪ್ರತಿ ಪ್ಲಗ್ ನಿಮಿಷಕ್ಕೆ 1,500 ಕಿಡಿ ಕೊಡಬೇಕು, ಗಂಟೆಗೆ 90,000. ಊರೊಳಗೆ ಗಂಟೆಗೆ ಸರಾಸರಿ 30 ಕಿ.ಮೀ. ಓಡುವ ಗಾಡಿ 20,000 ಕಿ.ಮೀ. ಮುಗಿಸುವಷ್ಟರಲ್ಲಿ ಒಂದೊಂದು ಪ್ಲಗ್ಗೂ ಸುಮಾರು 6 ಕೋಟಿ ಕಿಡಿ ಹಾರಿಸಿರುತ್ತದೆ. ಪ್ರತಿ ಕಿಡಿಯೂ ಎಲೆಕ್ಟ್ರೋಡಿನ ಮೈಯಿಂದ ಕಣ್ಣಿಗೆ ಕಾಣದಷ್ಟು ಲೋಹವನ್ನು ತಿನ್ನುತ್ತದೆ. ಚೂಪು ಅಂಚು ಮೊಂಡಾಗುತ್ತದೆ, ಗ್ಯಾಪ್ ಹಿಗ್ಗುತ್ತದೆ, ಅದನ್ನು ದಾಟಲು ಇನ್ನಷ್ಟು ವೋಲ್ಟೇಜ್ ಬೇಕಾಗುತ್ತದೆ. ಪ್ಲಗ್ ಹಳೆಯದಾಗುವುದು ಎಂದರೆ ಇಷ್ಟೇ.

ಇನ್ನರ್ಧ ಕೆಲಸ ಶಾಖದ್ದು. ಉರಿ 2,000 ಡಿಗ್ರಿ ಸೆಲ್ಸಿಯಸ್ ಮೀರುವ ಜಾಗದಲ್ಲಿ ಪ್ಲಗ್ಗಿನ ಮೂಗು ಚಾಚಿಕೊಂಡಿರುತ್ತದೆ. ತಾನು ಹೀರಿದ ಬಿಸಿಯನ್ನು ಅದು ಸಿಲಿಂಡರ್ ಹೆಡ್ಡಿಗೆ ದಾಟಿಸುತ್ತಲೇ ಇರಬೇಕು. ಹೆಚ್ಚು ದಾಟಿಸಿದರೆ ಮೂಗು ತಣ್ಣಗಾಗಿ ಮಸಿ ಕಟ್ಟುತ್ತದೆ, ಕಡಿಮೆ ದಾಟಿಸಿದರೆ ಕೆಂಡದಂತೆ ಕಾಯುತ್ತದೆ. ಭಾರ ಹೊರುವ ಗಾಡಿಯಲ್ಲಿ ಪ್ಲಗ್ಗಿನ ಆಯ್ಕೆ ಕಷ್ಟವಾಗುವುದು ಇದರಿಂದಲೇ. ಖಾಲಿ ಕಾರು ಆಗೊಮ್ಮೆ ಈಗೊಮ್ಮೆ ಎಂಜಿನ್ನಿನ ಪೂರ್ತಿ ಶಕ್ತಿ ಕೇಳಿದರೆ, ಲೋಡ್ ತುಂಬಿ ಘಾಟಿ ಹತ್ತುವ ಗಾಡಿ ಗಂಟೆಗಟ್ಟಲೆ ಕೇಳುತ್ತದೆ.

ಸಿಎನ್‌ಜಿ ಈ ಕಷ್ಟವನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಸಿಎನ್‌ಜಿಯ ಬಹುಪಾಲು ಮೀಥೇನ್. ಪೆಟ್ರೋಲ್ 250-280 ಡಿಗ್ರಿಯ ಆಸುಪಾಸಿನಲ್ಲಿ ತಾನಾಗಿಯೇ ಹೊತ್ತಿಕೊಂಡರೆ ಮೀಥೇನಿಗೆ 530 ಡಿಗ್ರಿಗೂ ಮೇಲೆ ಬೇಕು. ಅದನ್ನು ಗಾಳಿಯೊಂದಿಗೆ ಹೆಚ್ಚು ಅದುಮಿದರೂ ಎಂಜಿನ್ ನಾಕಿಂಗ್ ಸದ್ದು ಮಾಡದು. ಇದು ಲಾಭ. ಆದರೆ ಅದುಮಿದ ಅನಿಲದಲ್ಲಿ ಕಿಡಿ ದಾಟುವುದು ಕಷ್ಟ. ವೋಲ್ಟೇಜ್ ಹೆಚ್ಚು ಬೇಕು, ಎಲೆಕ್ಟ್ರೋಡ್ ಬೇಗ ಸವೆಯುತ್ತದೆ. ಪೆಟ್ರೋಲು ಹನಿ ಹನಿಯಾಗಿ ಬಂದು ಆವಿಯಾಗುವಾಗ ಒಂದಿಷ್ಟು ತಂಪು ತರುತ್ತದೆ. ಗ್ಯಾಸು ಮೊದಲೇ ಆವಿ, ಆ ತಂಪು ಇಲ್ಲ. ಪೆಟ್ರೋಲಿನಲ್ಲಿ ತೊಂದರೆ ಕೊಡದೆ ಓಡುವ ಸವೆದ ಪ್ಲಗ್, ಗ್ಯಾಸಿಗೆ ತಿರುಗಿಸಿದೊಡನೆ ಮಿಸ್ಸಿಂಗ್ ಹೊಡೆಯುವುದು ಇದೇ ಕಾರಣಕ್ಕೆ.

ದೊಡ್ಡ ಸಿಎನ್‌ಜಿ ಟ್ರಕ್ಕುಗಳ ಎಂಜಿನ್ನುಗಳು ಬಹುತೇಕ ಡೀಸೆಲ್ ಎಂಜಿನ್ನನ್ನೇ ಬದಲಿಸಿ ಮಾಡಿದವು. ಡೀಸೆಲ್ಲಿನಲ್ಲಿ 17-18ರಷ್ಟಿರುವ ಕಂಪ್ರೆಷನ್ ಅನುಪಾತವನ್ನು 11-12ರ ಹತ್ತಿರಕ್ಕೆ ಇಳಿಸಿ, ಇಂಜೆಕ್ಟರ್ ಕೂರುತ್ತಿದ್ದ ಜಾಗದಲ್ಲಿ ಪ್ಲಗ್ ಕೂರಿಸುತ್ತಾರೆ. ಹಾಗಾಗಿ ಪ್ಲಗ್ ಹೆಡ್ಡಿನ ಆಳದ ಬಾವಿಯೊಳಗೆ ಇರುತ್ತದೆ, ಅದರ ತಲೆಗೆ ಉದ್ದದ ರಬ್ಬರ್ ಕ್ಯಾಪ್ ಬರುತ್ತದೆ. ಬಿಚ್ಚುವುದಕ್ಕೆ ಹೊತ್ತು ಹಿಡಿಯುತ್ತದೆ. ಈ ಸಂಗತಿ ಕೊನೆಗೆ ಲೋಹ ಆರಿಸುವಾಗ ಲೆಕ್ಕಕ್ಕೆ ಬರುತ್ತದೆ.

ಮೊದಲು ಅಳತೆ

ಅಳತೆಯಲ್ಲಿ ನಾಲ್ಕು ಅಂಶ: ಥ್ರೆಡ್ಡಿನ ದಪ್ಪ, ಥ್ರೆಡ್ಡಿನ ಉದ್ದ, ಕೂರುವ ಬಗೆ, ಪಾನಾ ಹಿಡಿಯುವ ಷಡ್ಭುಜದ ಗಾತ್ರ.

ದಪ್ಪ ಹೆಚ್ಚಾಗಿ 14 ಮಿ.ಮೀ.; ಹೊಸ ಸಣ್ಣ ಎಂಜಿನ್ನುಗಳಲ್ಲಿ 12 ಅಥವಾ 10 ಮಿ.ಮೀ. ಕೂಡ ಉಂಟು. ಷಡ್ಭುಜ 20.8, 16 ಅಥವಾ 14 ಮಿ.ಮೀ. ಇವೆರಡು ತಪ್ಪಾದರೆ ಪ್ಲಗ್ ಒಳಗೆ ಹೋಗುವುದಿಲ್ಲ ಅಥವಾ ಪಾನಾ ಹಿಡಿಯುವುದಿಲ್ಲ; ತಪ್ಪು ಅಲ್ಲಿಯೇ ಗೊತ್ತಾಗುತ್ತದೆ. ಅಪಾಯ ಇರುವುದು ಉದ್ದದಲ್ಲಿ. 12.7, 19, 26.5 ಮಿ.ಮೀ. ಮುಖ್ಯ ಉದ್ದಗಳು. ದಪ್ಪ ಒಂದೇ ಇದ್ದರೆ ಯಾವ ಉದ್ದದ ಪ್ಲಗ್ಗೂ ತೂತಿಗೆ ಹೋಗಿ ಕೂರುತ್ತದೆ, ಎಂಜಿನ್ ಸ್ಟಾರ್ಟೂ ಆದೀತು.

ಗಿಡ್ಡ ಪ್ಲಗ್ ಹಾಕಿದರೆ ಕಿಡಿ ತೂತಿನೊಳಗೇ ಹಾರುತ್ತದೆ. ಉರಿ ಸಿಲಿಂಡರಿನೊಳಗೆ ಸರಿಯಾಗಿ ಹರಡದು, ಹೆಡ್ಡಿನಲ್ಲಿ ಖಾಲಿ ಉಳಿದ ಥ್ರೆಡ್ಡಿನ ಮೇಲೆ ಮಸಿ ಕಟ್ಟುತ್ತದೆ. ಮುಂದೆ ಸರಿಯಾದ ಪ್ಲಗ್ ತಂದರೂ ಅದು ಆ ಮಸಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಉದ್ದದ ಪ್ಲಗ್ ಹಾಕಿದರೆ ಪಿಸ್ಟನ್ನೋ ವಾಲ್ವೋ ಬಂದು ಗುದ್ದಬಹುದು. ಗುದ್ದದಿದ್ದರೂ ಹೊರಚಾಚಿದ ಥ್ರೆಡ್ ಕಾದು ಕೆಂಪಾಗಿ, ಕಿಡಿ ಬರುವ ಮೊದಲೇ ಗ್ಯಾಸನ್ನು ಹೊತ್ತಿಸುತ್ತದೆ. ಹಳೆ ಪ್ಲಗ್ ಪಕ್ಕ ಹೊಸದನ್ನು ನಿಲ್ಲಿಸಿ ಕಣ್ಣಳತೆ ನೋಡುವ ಮೆಕ್ಯಾನಿಕ್ಕುಗಳ ಅಭ್ಯಾಸ ಒಳ್ಳೆಯದು. ಆದರೆ ಹಳೆಯದೇ ತಪ್ಪು ಪ್ಲಗ್ ಆಗಿರಬಹುದು. ಸೆಕೆಂಡ್ ಹ್ಯಾಂಡ್ ಗಾಡಿಯಾದರೆ ಕಂಪನಿಯ ಪುಸ್ತಕದಲ್ಲಿರುವ ನಂಬರ್ ಜೊತೆ ಹೋಲಿಸಲೇಬೇಕು.

ಕೂರುವ ಬಗೆ ಎರಡು. ಒಂದರಲ್ಲಿ ಮಡಿಸಿದ ಲೋಹದ ವಾಷರ್ ಇರುತ್ತದೆ, ಬಿಗಿ ಮಾಡಿದಾಗ ಅದು ಅಪ್ಪಚ್ಚಿಯಾಗಿ ಗಾಳಿ ಸೋರದಂತೆ ತಡೆಯುತ್ತದೆ. ಇನ್ನೊಂದರಲ್ಲಿ ವಾಷರ್ ಇಲ್ಲ, ಪ್ಲಗ್ಗಿನ ಮೈಯೇ ಇಳಿಜಾರಾಗಿದ್ದು ಹೆಡ್ಡಿನ ಇಳಿಜಾರಿನಲ್ಲಿ ಕೂರುತ್ತದೆ. ಒಂದರ ಜಾಗಕ್ಕೆ ಇನ್ನೊಂದು ನಡೆಯುವುದಿಲ್ಲ.

ಹೀಟ್ ರೇಂಜ್: ಅಂಕಿಯ ಗೊಂದಲ

ಪ್ಲಗ್ಗಿನ ಮೂಗು ದುಡಿಯುವಾಗ ಸುಮಾರು 450ರಿಂದ 850 ಡಿಗ್ರಿಯ ನಡುವೆ ಇರಬೇಕು. 450 ಡಿಗ್ರಿ ದಾಟಿದರೆ ಮೂಗಿನ ಮೇಲೆ ಕೂತ ಮಸಿ ತಾನೇ ಸುಟ್ಟುಹೋಗುತ್ತದೆ. ಅದಕ್ಕಿಂತ ಕೆಳಗಿದ್ದರೆ ಮಸಿ ಕಟ್ಟಿ, ಕರೆಂಟು ಗ್ಯಾಪಿನಲ್ಲಿ ಹಾರುವ ಬದಲು ಮಸಿಯ ಮೇಲೆ ಹರಿದು ಹೋಗುತ್ತದೆ. 850ನ್ನು ಮೀರಿ ಹೋದಂತೆ ಮೂಗೇ ಕೆಂಡವಾಗಿ ಕಿಡಿಗೆ ಮುಂಚೆ ಬೆಂಕಿ ಹಚ್ಚುತ್ತದೆ. ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಉರಿ ಅದನ್ನು ಕೆಳಕ್ಕೆ ಒತ್ತುತ್ತದೆ. ಪಿಸ್ಟನ್ನಿನ ತಲೆಯಲ್ಲಿ ತೂತು ಬೀಳುವುದು ಹೀಗೆ.

ಪಿಂಗಾಣಿಯ ಮೂಗು ಎಷ್ಟು ಉದ್ದ ಎಂಬುದರ ಮೇಲೆ ಈ ಬಿಸಿ ನಿಂತಿದೆ. ಒಲೆಯ ಮೇಲಿನ ಸೌಟಿನ ಹಿಡಿ ಉದ್ದವಿದ್ದರೆ ಬಿಸಿ ಕೈಗೆ ಬರುವುದು ತಡ, ಗಿಡ್ಡವಿದ್ದರೆ ಬೇಗ. ಪ್ಲಗ್ಗಿನಲ್ಲೂ ಮೂಗು ಉದ್ದವಿದ್ದರೆ ಬಿಸಿ ಉಕ್ಕಿನ ಮೈ ತಲುಪುವುದು ತಡವಾಗಿ ತುದಿ ಬಿಸಿಯಾಗಿಯೇ ಉಳಿಯುತ್ತದೆ. ಇದನ್ನು ಹಾಟ್ ಪ್ಲಗ್ ಎನ್ನುತ್ತಾರೆ. ಮೂಗು ಗಿಡ್ಡವಿದ್ದರೆ ಬಿಸಿ ಬೇಗ ಹೆಡ್ಡಿಗೆ ಇಳಿಯುತ್ತದೆ, ಅದು ಕೋಲ್ಡ್ ಪ್ಲಗ್. ಇಲ್ಲಿ ಹಾಟ್, ಕೋಲ್ಡ್ ಎಂಬುದು ಕಿಡಿಯ ಬಲದ ಮಾತಲ್ಲ. ‘ಹಾಟ್ ಪ್ಲಗ್ ಹಾಕಿದರೆ ಪಿಕಪ್ ಜಾಸ್ತಿ’ ಎಂಬುದು ಈ ಹೆಸರಿನಿಂದ ಹುಟ್ಟಿದ ತಪ್ಪು ತಿಳಿವಳಿಕೆ.

ಹೀಟ್ ರೇಂಜನ್ನು ಪ್ಲಗ್ಗಿನ ನಂಬರಿನಲ್ಲೇ ಬರೆದಿರುತ್ತಾರೆ, ಆದರೆ ಒಂದೊಂದು ಕಂಪನಿಯದು ಒಂದೊಂದು ದಿಕ್ಕು. ಎನ್‌ಜಿಕೆ ಮತ್ತು ಡೆನ್ಸೊದಲ್ಲಿ ಅಂಕಿ ದೊಡ್ಡದಾದಷ್ಟೂ ಕೋಲ್ಡ್. ಬಾಷ್ ಮತ್ತು ಚಾಂಪಿಯನ್‌ನಲ್ಲಿ ಅಂಕಿ ದೊಡ್ಡದಾದಷ್ಟೂ ಹಾಟ್. ಎನ್‌ಜಿಕೆಯ 6, ಡೆನ್ಸೊದ 20, ಬಾಷ್‌ನ 7 ಸರಿಸುಮಾರು ಒಂದೇ ಶಾಖದವು. ಎನ್‌ಜಿಕೆ 6ಕ್ಕಿಂತ 7 ಕೋಲ್ಡ್ ಆದರೆ ಬಾಷ್ 7ಕ್ಕಿಂತ 6 ಕೋಲ್ಡ್. ಒಂದು ಕಂಪನಿಯ 7ರ ಬದಲು ಇನ್ನೊಂದರ 7 ತಂದು ಹಾಕುವವರು ಎಡವುವುದು ಇಲ್ಲೇ. ಕಂಪನಿ ಬದಲಿಸುವುದಾದರೆ ಅಂಕಿ ನೋಡಿ ಊಹಿಸಬೇಡಿ. ಅಂಗಡಿಯಲ್ಲಿರುವ ಹೋಲಿಕೆಯ ಪಟ್ಟಿ ಅಥವಾ ಕಂಪನಿಯ ಕೆಟಲಾಗ್ ತೆಗೆಸಿ ನೋಡಿ.

ಒಂದು ನಂಬರನ್ನು ಬಿಡಿಸಿ ಓದುವುದು ಕಲಿತರೆ ಉಳಿದವು ಸುಲಭ. ಬಿಪಿಆರ್6ಇಎಸ್-11 ಎಂಬ ಎನ್‌ಜಿಕೆ ಪ್ಲಗ್ ತೆಗೆದುಕೊಳ್ಳಿ. ಬಿ ಎಂದರೆ 14 ಮಿ.ಮೀ. ಥ್ರೆಡ್, 20.8 ಮಿ.ಮೀ. ಷಡ್ಭುಜ. ಪಿ ಎಂದರೆ ಮೂಗು ಮುಂದೆ ಚಾಚಿದೆ. ಆರ್ ಎಂದರೆ ಒಳಗೆ ರೆಸಿಸ್ಟರ್ ಇದೆ. 6 ಹೀಟ್ ರೇಂಜ್. ಇ ಎಂದರೆ 19 ಮಿ.ಮೀ. ಉದ್ದ. ಎಸ್ ಎಂದರೆ ತಾಮ್ರದ ತಿರುಳಿನ ಸಾದಾ ಎಲೆಕ್ಟ್ರೋಡ್. ಕೊನೆಯ 11 ಎಂದರೆ 1.1 ಮಿ.ಮೀ. ಗ್ಯಾಪ್. ಈ ಒಂದು ಸಾಲಿನಲ್ಲಿ ಇಡೀ ಆಯ್ಕೆಯೇ ಇದೆ. ಅಕ್ಷರ ಒಂದು ಬದಲಾದರೂ ಪ್ಲಗ್ ಬೇರೆ.

ಹಾಗಾದರೆ ಲೋಡ್ ಗಾಡಿಗೆ ಕೋಲ್ಡ್ ಪ್ಲಗ್ ಹಾಕಬೇಕೇ? ಕಾರ್ಖಾನೆಯಿಂದಲೇ ಸಿಎನ್‌ಜಿಯಾಗಿ ಬಂದ ಗಾಡಿಗೆ ಈ ಪ್ರಶ್ನೆ ಬೇಡ. ಭಾರ, ಗ್ಯಾಸು, ಬಿಸಿಲು ಎಲ್ಲವನ್ನೂ ಲೆಕ್ಕ ಹಿಡಿದೇ ಪುಸ್ತಕದಲ್ಲಿ ನಂಬರ್ ಕೊಟ್ಟಿರುತ್ತಾರೆ. ಅದರ ಮೇಲೆ ನಾವು ಇನ್ನೊಂದು ಮೆಟ್ಟಿಲು ಕೋಲ್ಡ್ ಮಾಡಿದರೆ ಊರೊಳಗೆ ನಿಂತು ನಿಂತು ಓಡುವಾಗ, ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ ಗ್ಯಾಸಿಗೆ ತಿರುಗುವ ಗಾಡಿಗಳಲ್ಲಿ, ಪ್ಲಗ್ ಮಸಿ ಹಿಡಿಯುತ್ತದೆ. ಪೆಟ್ರೋಲ್ ಗಾಡಿಗೆ ಆಮೇಲೆ ಸಿಎನ್‌ಜಿ ಕಿಟ್ ಹಾಕಿಸಿದ್ದರೆ ಮಾತು ಬೇರೆ. ಅದು ಸದಾ ಲೋಡಿನಲ್ಲೇ ಓಡುತ್ತಿದ್ದು, ಬಿಚ್ಚಿದ ಪ್ಲಗ್ಗಿನ ಎಲೆಕ್ಟ್ರೋಡ್ ಬೆಂದಂತೆ ಕಂಡರೆ, ಒಂದೇ ಒಂದು ಮೆಟ್ಟಿಲು ಕೋಲ್ಡ್ ಆದ ಪ್ಲಗ್ ಹಾಕುವುದು ರೂಢಿಯಲ್ಲಿರುವ ಕ್ರಮ. ಒಂದು ಮೆಟ್ಟಿಲೆಂದರೆ ತುದಿಯ ಬಿಸಿಯಲ್ಲಿ 70ರಿಂದ 100 ಡಿಗ್ರಿಯಷ್ಟು ವ್ಯತ್ಯಾಸ. ಎರಡು ಮೆಟ್ಟಿಲು ಹಾರಬಾರದು.

ಗ್ಯಾಪ್: ಕೂದಲೆಳೆಯ ಲೆಕ್ಕ

ಸಂದಿಯಲ್ಲಿ ಕಿಡಿ ದಾಟಲು ಬೇಕಾದ ವೋಲ್ಟೇಜು ಎರಡು ಸಂಗತಿಗಳನ್ನು ಹಿಡಿದು ಏರುತ್ತದೆ: ಸಂದಿಯ ಅಗಲ ಮತ್ತು ಅನಿಲದ ಒತ್ತಡ. ಜರ್ಮನಿಯ ಭೌತವಿಜ್ಞಾನಿ ಫ್ರೀಡ್ರಿಖ್ ಪಾಶನ್ 1889ರಲ್ಲಿ ಪ್ರಯೋಗ ಮಾಡಿ ತೋರಿಸಿದ ನಿಯಮ ಇದು. ಲೋಡಿನಲ್ಲಿ ಆ್ಯಕ್ಸಿಲರೇಟರ್ ಒತ್ತಿದಾಗ ಸಿಲಿಂಡರಿನ ಒತ್ತಡ ಏರುತ್ತದೆ, ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಖಾಲಿ ಇದ್ದಾಗ ಸರಿಯಾಗಿ ಓಡುವ ಗಾಡಿ ಚಡಾವಿನಲ್ಲಿ ಮಾತ್ರ ಜರ್ಕ್ ಹೊಡೆಯುವುದರ ಗುಟ್ಟು ಇಲ್ಲಿದೆ.

ಪೆಟ್ರೋಲ್ ಗಾಡಿಗಳಲ್ಲಿ 1.0 ಅಥವಾ 1.1 ಮಿ.ಮೀ. ಗ್ಯಾಪ್ ಸಾಮಾನ್ಯ. ಗ್ಯಾಸಿನಲ್ಲಿ ಇದನ್ನು ಇಳಿಸುತ್ತಾರೆ. ಕಿಟ್ ಹಾಕಿದ ಗಾಡಿಗಳಲ್ಲಿ 0.7ರಿಂದ 0.8 ಮಿ.ಮೀ. ಇಡುವುದು ವಾಡಿಕೆ. ಇನ್ನೂ ಕಡಿಮೆ ಮಾಡಿದರೆ ಒಳ್ಳೆಯದಲ್ಲವೇ ಎಂದರೆ ಅಲ್ಲ. ಸಂದಿ ತೀರಾ ಕಿರಿದಾದರೆ ಹುಟ್ಟಿದ ಉರಿಯ ಬಿಸಿಯನ್ನು ಎರಡೂ ಎಲೆಕ್ಟ್ರೋಡುಗಳು ಹೀರಿಕೊಂಡು ಅದನ್ನು ಆರಿಸಿಬಿಡುತ್ತವೆ. ಎಂಜಿನ್ ಐಡಲಿಂಗಿನಲ್ಲಿ ಅದುರುತ್ತದೆ.

ಹೊಸ ಪ್ಲಗ್ಗಿನ ಗ್ಯಾಪ್ ಡಬ್ಬಿಯ ಮೇಲೆ ಬರೆದಷ್ಟೇ ಇರುತ್ತದೆ ಎಂದು ನಂಬಬೇಡಿ. ಸಾಗಣೆಯಲ್ಲಿ ಒಮ್ಮೆ ಕೈಜಾರಿ ಬಿದ್ದಿದ್ದರೂ ಬಾಗಿದ ಎಲೆಕ್ಟ್ರೋಡ್ ಒತ್ತಿಹೋಗಿರುತ್ತದೆ. ಫೀಲರ್ ಗೇಜಿನಲ್ಲಿ, ಸಾಧ್ಯವಾದರೆ ದುಂಡು ತಂತಿಯ ಗೇಜಿನಲ್ಲಿ, ಪ್ರತಿ ಪ್ಲಗ್ಗೂ ಅಳೆಯಿರಿ. ಸರಿಪಡಿಸುವಾಗ ಬಾಗಿದ ಎಲೆಕ್ಟ್ರೋಡನ್ನು ಮಾತ್ರ ಅಲುಗಿಸಬೇಕು. ನಡುವಿನದಕ್ಕೆ ಸ್ಕ್ರೂ ಡ್ರೈವರ್ ಆನಿಸಿ ಮೀಟಿದರೆ ಪಿಂಗಾಣಿ ಸೀಳುತ್ತದೆ. ಇರಿಡಿಯಂನ ಸೂಜಿ ತುದಿಯಂತೂ ಮುರಿದೇ ಹೋಗುತ್ತದೆ. ಇರಿಡಿಯಂ ಪ್ಲಗ್ ಕೊಳ್ಳುವಾಗಲೇ ಬೇಕಾದ ಗ್ಯಾಪಿನದನ್ನು ಕೇಳಿ ತರುವುದು ಕ್ಷೇಮ.

ರೆಸಿಸ್ಟರ್: ಒಂದೇ ಅಕ್ಷರ

ಪ್ರತಿ ಕಿಡಿಯೂ ಸುತ್ತ ರೇಡಿಯೊ ಗದ್ದಲ ಎಬ್ಬಿಸುತ್ತದೆ. ಹಿಂದೆ ಅದರಿಂದ ಗಾಡಿಯ ರೇಡಿಯೊ ಮಾತ್ರ ಗರಗರ ಎನ್ನುತ್ತಿತ್ತು. ಈಗ ಗ್ಯಾಸ್ ಎಷ್ಟು ಬಿಡಬೇಕು, ಕಿಡಿ ಯಾವಾಗ ಹಾರಬೇಕು ಎಂಬುದನ್ನೆಲ್ಲ ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ತೀರ್ಮಾನಿಸುತ್ತದೆ. ಗದ್ದಲ ಅದರ ಸೆನ್ಸರ್ ತಂತಿಗಳಿಗೆ ಹೊಕ್ಕರೆ ಚೆಕ್ ಎಂಜಿನ್ ದೀಪ ಕಾರಣವಿಲ್ಲದೆ ಹತ್ತುತ್ತದೆ. ಇದನ್ನು ತಡೆಯಲು ಪ್ಲಗ್ಗಿನೊಳಗೆ ಸುಮಾರು 5,000 ಓಮ್‌ನ ರೆಸಿಸ್ಟರ್ ಇಡುತ್ತಾರೆ. ನಂಬರಿನಲ್ಲಿ ಆರ್ ಇದ್ದ ಕಡೆ ಆರ್ ಇರುವ ಪ್ಲಗ್ಗನ್ನೇ ಹಾಕಿ. ಆರ್ ಇಲ್ಲದ ಪ್ಲಗ್ಗಿನಲ್ಲಿ ಕಿಡಿ ಜೋರು ಎಂದು ಅಂಗಡಿಯವರು ಹೇಳಿದರೂ ಕಿವಿಗೊಡಬೇಡಿ.

ಕೊನೆಗೆ ಲೋಹ

ಈಗ ಮೂರು ಡಬ್ಬಿಗಳ ಮುಂದೆ ನಿಲ್ಲಬಹುದು. ‘ತಾಮ್ರದ ಪ್ಲಗ್’ ಎಂದು ಮಾರುವುದರಲ್ಲಿ ತಾಮ್ರ ಇರುವುದು ತಿರುಳಿನಲ್ಲಿ, ಬಿಸಿ ಸಾಗಿಸಲು. ಕಿಡಿ ಹಾರುವ ಮೈ ನಿಕಲ್ ಮಿಶ್ರಲೋಹದ್ದು. ನಿಕಲ್ 1,455 ಡಿಗ್ರಿಯಲ್ಲಿ ಕರಗಿದರೆ ಪ್ಲಾಟಿನಂ 1,768ರಲ್ಲಿ, ಇರಿಡಿಯಂ 2,400 ಡಿಗ್ರಿಗೂ ಮೇಲೆ. ಕರಗುವ ಬಿಸಿ ಹೆಚ್ಚಿದ್ದಷ್ಟೂ ಕಿಡಿಯ ಸವೆತ ಕಡಿಮೆ. ಹಾಗಾಗಿ ಇರಿಡಿಯಂ ತುದಿಯನ್ನು 0.4ರಿಂದ 0.6 ಮಿ.ಮೀ.ಯಷ್ಟು ತೆಳುವಾಗಿ ಮಾಡಲು ಬರುತ್ತದೆ. ತೆಳು ತುದಿಯಿಂದ ಕಿಡಿ ಕಡಿಮೆ ವೋಲ್ಟೇಜಿನಲ್ಲಿ ಹೊರಡುತ್ತದೆ, ಹುಟ್ಟಿದ ಉರಿಗೆ ಅಡ್ಡಿಯೂ ಕಡಿಮೆ.

ಬಾಳಿಕೆ ಸಾಮಾನ್ಯವಾಗಿ ನಿಕಲ್ ಪ್ಲಗ್ಗಿಗೆ 20ರಿಂದ 40 ಸಾವಿರ ಕಿ.ಮೀ., ಒಳ್ಳೆಯ ಪ್ಲಾಟಿನಂ, ಇರಿಡಿಯಂ ಪ್ಲಗ್ಗುಗಳಿಗೆ 60 ಸಾವಿರದಿಂದ ಒಂದು ಲಕ್ಷ ಕಿ.ಮೀ. ಇದು ಪೆಟ್ರೋಲ್ ಕಾರಿನ ಲೆಕ್ಕ. ಗ್ಯಾಸು ಮತ್ತು ಲೋಡು ಸೇರಿದಾಗ ಎರಡೂ ಇಳಿಯುತ್ತವೆ. ಎಷ್ಟು ಕಿಲೋಮೀಟರಿಗೆ ಬದಲಿಸಬೇಕೆಂದು ನಿಮ್ಮ ಗಾಡಿಯ ಸರ್ವೀಸ್ ಪುಸ್ತಕ ಹೇಳುತ್ತದೋ ಅದೇ ಕೊನೆಯ ಮಾತು.

ಆರಿಸುವ ಲೆಕ್ಕ ಹೀಗೆ ಮಾಡಿ. ಎರಡು ಸಿಲಿಂಡರಿನ ಚಿಕ್ಕ ಗಾಡಿ, ಪ್ಲಗ್ ಕೈಗೆ ಎಟುಕುತ್ತದೆ, ಕಂಪನಿ ಕೊಟ್ಟದ್ದು ನಿಕಲ್ ಎಂದಾದರೆ ಅದನ್ನೇ ಹೊತ್ತಿಗೆ ಸರಿಯಾಗಿ ಬದಲಿಸುತ್ತ ಹೋಗಿ. ಇರಿಡಿಯಂ ಬೆಲೆ ನಿಕಲ್‌ನ ಎಷ್ಟು ಪಟ್ಟು ಎಂದು ಕೇಳಿ. ಬಾಳಿಕೆಯೂ ಅಷ್ಟೇ ಪಟ್ಟು ಬರುವಂತಿದ್ದರೆ ಮಾತ್ರ ಲಾಭ. ಆರು ಸಿಲಿಂಡರಿನ ಟ್ರಕ್ಕಿನಲ್ಲಿ ಲೆಕ್ಕ ತಿರುಗುತ್ತದೆ. ಆಳದ ಬಾವಿಯಿಂದ ಪ್ಲಗ್ ಬಿಚ್ಚುವ ಕೂಲಿ, ಗಾಡಿ ನಿಂತ ದಿನದ ಬಾಡಿಗೆ ನಷ್ಟ ಸೇರಿಸಿದರೆ ಹೆಚ್ಚು ಬಾಳುವ ದುಬಾರಿ ಪ್ಲಗ್ಗೇ ಅಗ್ಗ. ಕಂಪನಿ ಇರಿಡಿಯಂ ಎಂದು ಹೇಳಿದ ಕಡೆ ಉಳಿತಾಯಕ್ಕೆಂದು ನಿಕಲ್ ಹಾಕಿದರೆ, ಹಳೆಯ ಕಿಲೋಮೀಟರ್ ಲೆಕ್ಕ ನಂಬಿ ಓಡಿಸುತ್ತ ನಡುದಾರಿಯಲ್ಲಿ ಸಿಕ್ಕಿಬೀಳುತ್ತೀರಿ.

ಇನ್ನೊಂದು ಸೂಕ್ಷ್ಮವಿದೆ. ಕೆಲವು ಎಂಜಿನ್ನುಗಳಲ್ಲಿ ಎರಡು ಸಿಲಿಂಡರಿಗೆ ಒಂದೇ ಕಾಯಿಲ್. ಆಗ ಒಂದು ಪ್ಲಗ್ಗಿನಲ್ಲಿ ಕಿಡಿ ನಡುವಿನ ಎಲೆಕ್ಟ್ರೋಡಿನಿಂದ ಹೊರಟರೆ ಇನ್ನೊಂದರಲ್ಲಿ ಬಾಗಿದ ಎಲೆಕ್ಟ್ರೋಡಿನಿಂದ ಹೊರಡುತ್ತದೆ. ಎರಡೂ ಪ್ಲಗ್ಗಿಗೆ ಪ್ರತಿ ಸುತ್ತಿಗೂ ಕಿಡಿ, ಅಂದರೆ ದುಪ್ಪಟ್ಟು ಕೆಲಸ. ಇಂಥ ಕಡೆ ನಡುವೆ ಮಾತ್ರ ಬೆಲೆಬಾಳುವ ಲೋಹವಿದ್ದು ಎದುರಿನದು ಬರೀ ನಿಕಲ್ ಆಗಿದ್ದರೆ ಕೊಟ್ಟ ದುಡ್ಡು ಅರ್ಧ ವ್ಯರ್ಥ. ಎರಡೂ ಕಡೆ ಪ್ಲಾಟಿನಂ ಅಥವಾ ಇರಿಡಿಯಂ ಚೂರು ಕೂರಿಸಿದ ಪ್ಲಗ್ ಕೇಳಿ.

ಬಿಚ್ಚಿದ ಪ್ಲಗ್ ಓದುವುದು

ಬಿಚ್ಚಿದ ಪ್ಲಗ್ಗುಗಳನ್ನು ಒಂದನೇ ಸಿಲಿಂಡರಿನಿಂದ ಶುರುಮಾಡಿ ಸಾಲಾಗಿ ಇಡಿ. ಪೆಟ್ರೋಲಿನಲ್ಲಿ ಓಡುವ ಗಾಡಿಯಾದರೆ ಮೂಗು ತಿಳಿ ಕಂದು ಅಥವಾ ಬೂದು ಬಣ್ಣ ಇರಬೇಕು. ಒಣ ಕರಿ ಮಸಿ ಇದ್ದರೆ ಪೆಟ್ರೋಲ್ ಹೆಚ್ಚು ಹೋಗುತ್ತಿದೆ ಅಥವಾ ಪ್ಲಗ್ ತೀರಾ ಕೋಲ್ಡ್. ಜಿಡ್ಡು ಜಿಡ್ಡಾದ ಕಪ್ಪು ಇದ್ದರೆ ರಿಂಗ್ ಇಲ್ಲವೇ ವಾಲ್ವ್ ಸೀಲಿನಿಂದ ಆಯಿಲ್ ಬರುತ್ತಿದೆ. ಪ್ಲಗ್ ಬದಲಿಸಿದರೆ ಆ ರೋಗ ಹೋಗದು.

ಸಿಎನ್‌ಜಿಯಲ್ಲಿ ಈ ಬಣ್ಣದ ಪಾಠ ಪೂರ್ತಿ ನಡೆಯುವುದಿಲ್ಲ. ಮೀಥೇನ್ ಮಸಿ ಬಿಡುವುದು ತೀರಾ ಕಡಿಮೆ, ಆರೋಗ್ಯವಾದ ಎಂಜಿನ್ನಿನ ಪ್ಲಗ್ಗೂ ಬೆಳ್ಳಗೆ ಕಾಣುತ್ತದೆ. ಬಿಳಿ ಕಂಡೊಡನೆ ಓವರ್‌ಹೀಟ್ ಎಂದು ಗಾಬರಿಪಟ್ಟು ಕೋಲ್ಡ್ ಪ್ಲಗ್ ತರಬೇಡಿ. ಪಿಂಗಾಣಿಯ ಮೇಲೆ ಗುಳ್ಳೆ, ಎಲೆಕ್ಟ್ರೋಡಿನ ಅಂಚು ಕರಗಿ ದುಂಡಾಗಿರುವುದು, ಸಣ್ಣ ಲೋಹದ ಹನಿಗಳು ಕಂಡರೆ ಮಾತ್ರ ಅದು ಅತಿ ಬಿಸಿಯ ಗುರುತು. ಪುಡಿಪುಡಿಯಾದ ದಪ್ಪ ಬಿಳಿ ಬೂದಿ ಕಟ್ಟಿದ್ದರೆ ಎಂಜಿನ್ ಆಯಿಲ್ ಯಾವುದೆಂದು ಕೇಳಿ. ಗ್ಯಾಸ್ ಎಂಜಿನ್ನಿಗೆ ಬೂದಿ ಕಡಿಮೆ ಬಿಡುವ ಆಯಿಲ್ ಬೇಕು. ಡೀಸೆಲ್ ಗಾಡಿಯ ಡಬ್ಬದಲ್ಲಿ ಉಳಿದದ್ದನ್ನು ಸುರಿದರೆ ಆ ಬೂದಿಯೇ ಪ್ಲಗ್ಗಿನ ಮೇಲೆ ಕೆಂಡವಾಗಿ ಕೂರುತ್ತದೆ.

ಹೊರಗಿನ ಪಿಂಗಾಣಿಯನ್ನೂ ನೋಡಿ. ಉಕ್ಕಿನ ಮೈಗೆ ತಾಗಿದಂತೆ ಕಂದು ಬಣ್ಣದ ಉಂಗುರ ಇದ್ದರೆ ಕಂಪ್ರೆಷನ್ ಸೋರುತ್ತಿದೆ ಎಂದು ಹಲವರು ಹೇಳುತ್ತಾರೆ. ನಿಜದಲ್ಲಿ ಅದು ಹೆಚ್ಚಿನ ವೋಲ್ಟೇಜಿಗೆ ಗಾಳಿಯಲ್ಲಿನ ಆಯಿಲ್ ಕಣಗಳು ಅಂಟಿಕೊಂಡ ಕಲೆ. ಅದರಿಂದ ತೊಂದರೆ ಇಲ್ಲ. ಮೇಲಿನಿಂದ ಕೆಳಕ್ಕೆ ಪೆನ್ಸಿಲ್ ಗೀಟಿನಂತೆ ಕಪ್ಪು ಗೆರೆ ಇದ್ದರೆ ಮಾತ್ರ ಎಚ್ಚರ. ಕಿಡಿ ಒಳಗೆ ಹಾರದೆ ಪಿಂಗಾಣಿಯ ಹೊರಗೇ ಜಾರಿ ಹೋಗಿದೆ. ಆ ಗೆರೆ ರಬ್ಬರ್ ಕ್ಯಾಪಿನ ಒಳಗೂ ಬಿದ್ದಿರುತ್ತದೆ. ಪ್ಲಗ್ ಒಂದನ್ನೇ ಬದಲಿಸಿದರೆ ಹೊಸದರ ಮೇಲೂ ಅದೇ ಗೆರೆ ಮೂಡುತ್ತದೆ, ಆದ್ದರಿಂದ ಕ್ಯಾಪೂ ಬದಲಾಗಬೇಕು.

ನಾಲ್ಕು ಪ್ಲಗ್ಗುಗಳಲ್ಲಿ ಮೂರು ಸರಿಯಿದ್ದು ಒಂದು ಮಾತ್ರ ಬೇರೆ ತರಹ ಇದ್ದರೆ ತಪ್ಪು ಪ್ಲಗ್ಗಿನದಲ್ಲ, ಆ ಸಿಲಿಂಡರಿನದು. ನಾಲ್ಕೂ ಒಂದೇ ರೀತಿ ಕೆಟ್ಟಿದ್ದರೆ ಆಯ್ಕೆಯನ್ನೋ ಗ್ಯಾಸ್ ಟ್ಯೂನಿಂಗನ್ನೋ ಅನುಮಾನಿಸಬೇಕು.

ಡೂಪ್ಲಿಕೇಟ್ ಮಾಲು

ಬೆಂಗಳೂರಿನವರಿಗೆ ಪ್ಲಗ್ ಎಂದರೆ ಬಹುಕಾಲ ಮೈಕೋ ಪ್ಲಗ್. 1951ರಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಆಡುಗೋಡಿಯ ಮೈಕೋ, 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡಿತು. ಹೆಸರುವಾಸಿ ಪ್ಲಗ್ ಯಾವುದೇ ಇರಲಿ, ಅದರ ನಕಲು ಮಾರುಕಟ್ಟೆಯಲ್ಲಿ ಇದ್ದೇ ಇರುತ್ತದೆ. ನಕಲಿ ಪ್ಲಗ್ಗೂ ಮೊದಲ ದಿನ ಕಿಡಿ ಹಾರಿಸುತ್ತದೆ. ಅದರ ಪಿಂಗಾಣಿ ಬಿಸಿಗೆ ಸೀಳುತ್ತದೆ, ನಂಬರಿನಲ್ಲಿ ಬರೆದ ಹೀಟ್ ರೇಂಜ್ ಒಳಗೆ ಇರುವುದಿಲ್ಲ. ಪಿಂಗಾಣಿಯ ಮೇಲಿನ ಅಚ್ಚು ಉಗುರಿನಲ್ಲಿ ಕೆರೆದರೆ ಏಳಬಾರದು. ಬಾಗಿದ ಎಲೆಕ್ಟ್ರೋಡ್ ನಡುವಿನದರ ನೇರಕ್ಕೆ ಇರಬೇಕು. ಥ್ರೆಡ್ ನುಣುಪಾಗಿರಬೇಕು, ವಾಷರ್ ಬೆರಳಿಗೆ ಸುಲಭವಾಗಿ ಕಳಚಿ ಬರಬಾರದು. ಡಬ್ಬಿಯ ಮೇಲಿನ ನಂಬರೂ ಪ್ಲಗ್ಗಿನ ಮೈಮೇಲಿನ ನಂಬರೂ ಒಂದೇ ಇರಬೇಕು. ಜೆ.ಸಿ. ರಸ್ತೆಯಲ್ಲೇ ಕೊಳ್ಳಿ, ನಿಮ್ಮೂರಿನ ಅಂಗಡಿಯಲ್ಲೇ ಕೊಳ್ಳಿ, ಅಧಿಕೃತ ಡೀಲರ್ ಹತ್ತಿರ ಬಿಲ್ ಸಮೇತ ಕೊಳ್ಳಿ.

ಕೂರಿಸುವ ಬಗೆ

ಸರಿಯಾದ ಪ್ಲಗ್ಗೂ ತಪ್ಪಾಗಿ ಕೂತರೆ ತಪ್ಪು ಪ್ಲಗ್ ಆಗುತ್ತದೆ, ಯಾಕೆಂದರೆ ಹೀಟ್ ರೇಂಜ್ ಕೆಲಸ ಮಾಡುವುದು ಪ್ಲಗ್ ಹೆಡ್ಡಿಗೆ ಒತ್ತಿ ಕೂತಾಗ ಮಾತ್ರ. ಸಡಿಲವಿದ್ದರೆ ಬಿಸಿ ಇಳಿಯಲು ದಾರಿಯೇ ಇಲ್ಲ.

ಎಂಜಿನ್ ಪೂರ್ತಿ ತಣ್ಣಗಾಗಲಿ. ಬಿಸಿ ಅಲ್ಯೂಮಿನಿಯಂ ಹೆಡ್ಡಿನಿಂದ ಪ್ಲಗ್ ತಿರುಗಿಸಿದರೆ ಥ್ರೆಡ್ ಕಿತ್ತು ಬರುತ್ತದೆ. ಬಿಚ್ಚುವ ಮೊದಲು ಬಾವಿಯೊಳಗಿನ ಧೂಳನ್ನು ಕಂಪ್ರೆಸರ್ ಗಾಳಿಯಲ್ಲಿ ಊದಿ ತೆಗೆಯಿರಿ, ಇಲ್ಲದಿದ್ದರೆ ಅದೆಲ್ಲ ಸಿಲಿಂಡರಿಗೆ ಬೀಳುತ್ತದೆ. ಬಾವಿಯಲ್ಲಿ ಆಯಿಲ್ ನಿಂತಿದ್ದರೆ ವಾಲ್ವ್ ಕವರಿನ ಗ್ಯಾಸ್ಕೆಟ್ ಸೋರುತ್ತಿದೆ, ಅದನ್ನು ಮೊದಲು ಸರಿಮಾಡಿಸಿ. ಹೊಸ ಪ್ಲಗ್ಗನ್ನು ಪಾನಾದಿಂದ ಶುರುಮಾಡಬಾರದು. ಪ್ಲಗ್ಗಿನ ತಲೆಗೆ ಒಂದು ತುಂಡು ರಬ್ಬರ್ ಪೈಪು ಸಿಕ್ಕಿಸಿ ಕೈಯಲ್ಲಿ ತಿರುಗಿಸಿ. ಥ್ರೆಡ್ ಅಡ್ಡ ಹತ್ತಿದರೆ ಪೈಪು ಜಾರುತ್ತದೆ, ಹೆಡ್ ಉಳಿಯುತ್ತದೆ.

ಕೈಬಿಗಿ ಆದ ಮೇಲೆ ವಾಷರ್ ಇರುವ 14 ಮಿ.ಮೀ. ಹೊಸ ಪ್ಲಗ್ಗಿಗೆ ಅರ್ಧದಿಂದ ಮೂರರಲ್ಲಿ ಎರಡು ಸುತ್ತು. ಅದೇ ಪ್ಲಗ್ಗನ್ನು ಬಿಚ್ಚಿ ಮತ್ತೆ ಹಾಕುವಾಗ ವಾಷರ್ ಆಗಲೇ ಚಪ್ಪಟೆ, ಹನ್ನೆರಡರಲ್ಲಿ ಒಂದು ಸುತ್ತು ಸಾಕು. ವಾಷರ್ ಇಲ್ಲದ ಇಳಿಜಾರು ಪ್ಲಗ್ಗಿಗೆ ಹದಿನಾರರಲ್ಲಿ ಒಂದು ಸುತ್ತು. ಟಾರ್ಕ್ ಪಾನಾ ಇದ್ದರೆ ಅಲ್ಯೂಮಿನಿಯಂ ಹೆಡ್ಡಿನಲ್ಲಿ ವಾಷರ್ ಇರುವ 14 ಮಿ.ಮೀ. ಪ್ಲಗ್ಗಿಗೆ 25-30, 12 ಮಿ.ಮೀ.ಗೆ 15-20, 10 ಮಿ.ಮೀ.ಗೆ 10-12 ನ್ಯೂಟನ್ ಮೀಟರ್. ಥ್ರೆಡ್ಡಿಗೆ ಗ್ರೀಸು ಸವರಬೇಡಿ. ಜಾರಿಕೆ ಹೆಚ್ಚಾಗಿ, ಪಾನಾ ಅದೇ ಅಂಕಿ ತೋರಿಸಿದರೂ ಪ್ಲಗ್ ಅತಿಯಾಗಿ ಬಿಗಿದು ಮೈ ಹಿಗ್ಗುತ್ತದೆ. ಹೊಸ ಪ್ಲಗ್ಗುಗಳಿಗೆ ತುಕ್ಕು ತಡೆಯುವ ಲೇಪ ಮೊದಲೇ ಇರುತ್ತದೆ. ಎಲ್ಲ ಪ್ಲಗ್ಗುಗಳನ್ನೂ ಒಟ್ಟಿಗೇ ಬದಲಿಸಿ. ಎರಡು ಹೊಸದು ಎರಡು ಹಳೆಯದು ಎಂಬ ಉಳಿತಾಯದಲ್ಲಿ ಎಂಜಿನ್ ಒಂದೇ ಲಯದಲ್ಲಿ ಓಡುವುದಿಲ್ಲ.

ಬಿಎಸ್-6 ಗಾಡಿಯಲ್ಲಿ ಮಿಸ್ಸಿಂಗ್ ಕಂಡ ಮೇಲೂ ‘ಈ ಟ್ರಿಪ್ ಮುಗಿಯಲಿ’ ಎಂದು ಓಡಿಸುವುದು ದುಬಾರಿ ಬೀಳುತ್ತದೆ. ಸಿಲಿಂಡರಿನಲ್ಲಿ ಉರಿಯದೆ ಉಳಿದ ಗ್ಯಾಸು ಸೈಲೆನ್ಸರಿನ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿಯುತ್ತದೆ, ಕನ್ವರ್ಟರ್ ಒಳಗೇ ಬೆಂದು ಹಾಳಾಗುತ್ತದೆ. ಅದರ ಬೆಲೆಯಲ್ಲಿ ಎಷ್ಟೋ ಸೆಟ್ ಪ್ಲಗ್ ಬರುತ್ತವೆ. ಪುಸ್ತಕದಲ್ಲಿರುವ ಪ್ಲಗ್ ನಂಬರ್, ಗ್ಯಾಪ್, ಹಾಕಿದ ದಿನದ ಕಿಲೋಮೀಟರ್ ಇವನ್ನು ಕ್ಯಾಬಿನ್ನಿನಲ್ಲಿ ಬರೆದಿಟ್ಟು, ಅದೇ ನಂಬರಿನ ಒಂದು ಸೆಟ್ ಗಾಡಿಯಲ್ಲೇ ಇಟ್ಟುಕೊಳ್ಳಿ. ಗೊತ್ತಿಲ್ಲದ ಊರಿನ ಅಂಗಡಿಯಲ್ಲಿ ‘ಇದೇ ನಡೆಯುತ್ತೆ ಹಾಕಿ’ ಎಂದು ಕೊಟ್ಟ ಪ್ಲಗ್ ಹಾಕಿಕೊಂಡು ಘಾಟಿ ಹತ್ತುವ ಪ್ರಮೇಯ ಆಗ ಬರುವುದಿಲ್ಲ.